ಯುನಿಸೈಕಲ್ಲಿಗೆ ಗಟ್ಟಿ ಗಾಲಿ ಕಟ್ಟುವ ಬಗೆ

ಸಾಮಾನ್ಯ ಸೈಕಲ್ಲಿನಲ್ಲಿ ಸವಾರನ ಭಾರ ಎರಡು ಗಾಲಿಗಳಿಗೆ ಹಂಚಿಹೋಗುತ್ತದೆ. ಪೆಡಲ್ ತುಳಿದ ಬಲ ಚೈನಿನ ಮೂಲಕ ಹಿಂದಿನ ಗಾಲಿಗೆ ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ ತಲುಪುತ್ತದೆ. ಒಂದೇ ಗಾಲಿಯ ಸೈಕಲ್ಲಾದ ಯುನಿಸೈಕಲ್ಲಿನಲ್ಲಿ ಇಂಥ ಹಂಚಿಕೆಯೇ ಇಲ್ಲ. ಪೆಡಲ್ ಹಿಡಿದ ತೋಳುಗಳಾದ ಕ್ರ್ಯಾಂಕುಗಳು ಹಬ್‌ನ, ಅಂದರೆ ಗಾಲಿಯ ನಡುವಿನ ಗುಂಬದ, ಎಕ್ಸೆಲ್ಲಿಗೇ ನೇರವಾಗಿ ಕೂತಿರುತ್ತವೆ, ತುಳಿಯದಿದ್ದರೂ ಗಾಲಿಯನ್ನು ಉರುಳಲು ಬಿಡುವ ಫ್ರೀವೀಲ್ ನಡುವೆ ಇರುವುದಿಲ್ಲ. ಆದ್ದರಿಂದ ಮುಂದಕ್ಕೆ ತುಳಿದಾಗ ಒಂದು ದಿಕ್ಕಿನ ತಿರುಚು, ವೇಗ ತಗ್ಗಿಸಲು ಕಾಲನ್ನು ಹಿಂದಕ್ಕೆ ಒತ್ತಿದಾಗ ಅದರ ವಿರುದ್ಧ ದಿಕ್ಕಿನ ತಿರುಚು, ಹೀಗೆ ಎರಡೂ ಅದೇ ಕಡ್ಡಿಗಳ ಮೇಲೆ ಸರದಿಯಂತೆ ಬೀಳುತ್ತವೆ. ಸವಾರನು ತೋಲ ಕಾಯ್ದುಕೊಳ್ಳಲು ಸೊಂಟ ತಿರುವಿದಾಗಲೆಲ್ಲ ಗಾಲಿಗೆ ಪಕ್ಕದ ಒತ್ತಡವೂ ಬರುತ್ತದೆ. ಕಟ್ಟೆಯ ಮೇಲಿಂದ ಜಿಗಿದರಂತೂ ಮೈಭಾರವೆಲ್ಲ ನೆಲಕ್ಕೆ ತಾಗಿದ ಒಂದೇ ಜಾಗದ ಕೆಲವೇ ಕಡ್ಡಿಗಳಿಗೆ ಹಲವು ಪಟ್ಟಾಗಿ ತಟ್ಟುತ್ತದೆ. ಇಷ್ಟನ್ನೆಲ್ಲ ತಾಳುವ ಗಾಲಿಯನ್ನು ಮನೆಯಲ್ಲೇ, ಸಾಧಾರಣ ಸಲಕರಣೆಗಳಿಂದ ಕಟ್ಟಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಸಾವಧಾನ.

ನಾನು ಕಟ್ಟಿದ ಮೊದಲ ಗಾಲಿಯನ್ನು ಕೈಗೆ ಎಷ್ಟು ಸಾಧ್ಯವೋ ಅಷ್ಟು ಬಿಗಿ ಮಾಡಿದ್ದೆ. ಎರಡೇ ತಿಂಗಳಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಏರನ್ನು ಹತ್ತುತ್ತಿದ್ದಾಗ, ಕಡ್ಡಿಯೊಂದು ತಲೆಯ ಹತ್ತಿರದ ಬಾಗಿನಲ್ಲಿ ತುಂಡಾಯಿತು. ಊರಿನ ಹಿರಿಯ ಸೈಕಲ್ ಮಿಸ್ತ್ರಿಯೊಬ್ಬರ ಬಳಿ ಒಯ್ದಾಗ ಅವರು ಗಾಲಿಯನ್ನು ಮೊಳಕಾಲುಗಳ ನಡುವೆ ಹಿಡಿದು, ಉಳಿದ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟುತ್ತ ಹೋದರು. ಒಂದು ಕಡ್ಡಿ ‘ಟಿಂಗ್’ ಎಂದರೆ ಪಕ್ಕದ್ದು ‘ಠಪ್’ ಎಂದಿತು. “ಬಿಗಿ ಮಾಡೂದು ಯಾರಿಗರೆ ಬರ್ತದ ತಮ್ಮಾ, ಸಮಾ ಮಾಡೂದು ಕಲಿ” ಎಂದರು. “ಹಂಗಾರ ಇದನ್ನ ಪೂರಾ ಬಿಚ್ಚಬೇಕೇನ್ರಿ ಕಾಕಾ?” ಎಂದು ಕೇಳಿದ್ದಕ್ಕೆ, ಉತ್ತರ ಕೊಡದೆ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲೆಂಬ ಪುಟ್ಟ ನಟ್ಟನ್ನು ತಿರುಗಿಸುವ ಪಾನಾವನ್ನು ನನ್ನ ಕೈಗಿಟ್ಟರು. ಮುಂದೆ ಬರೆಯುವುದರಲ್ಲಿ ಬಹುಪಾಲು ಅಂದಿನಿಂದ ಕಲಿತದ್ದು.

ಕಡ್ಡಿಯ ಮೇಲೆ ನಡೆಯುವುದೇನು?

ನಮ್ಮ ಕಡೆಯ ಚಕ್ಕಡಿಯ ಮರದ ಗಾಲಿಯಲ್ಲಿ ಭಾರವು ಕೆಳಗಿನ ಅರಗಳ ಮೇಲೆ ಕಂಬದ ಮೇಲೆ ಕೂತಂತೆ ಕೂರುತ್ತದೆ. ತಂತಿಯ ಕಡ್ಡಿ ಹಾಗೆ ಕಂಬವಾಗಲಾರದು, ಒತ್ತಿದರೆ ಬಾಗಿಬಿಡುತ್ತದೆ. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಲವಾಗಿ ಎಳೆದು ಕಟ್ಟಿರುತ್ತಾರೆ. ಗಾಲಿಯ ಮೇಲೆ ಭಾರ ಬಿದ್ದಾಗ ನೆಲದ ಕಡೆಯ ಕೆಲವು ಕಡ್ಡಿಗಳ ಎಳೆತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಗಾಲಿ ಮುಂದೆ ಉರುಳಿದೊಡನೆ ಮತ್ತೆ ಮೊದಲಿನಂತಾಗುತ್ತದೆ. 20 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 1.5 ಮೀಟರ್ ಸಾಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವ ಸುಮಾರು 20 ಕಿ.ಮೀ. ದಾರಿಯಲ್ಲಿ ಒಂದೊಂದು ಕಡ್ಡಿಯೂ 13 ಸಾವಿರಕ್ಕಿಂತ ಹೆಚ್ಚು ಸಲ ಹೀಗೆ ಸಡಿಲಗೊಂಡು ಬಿಗಿಯುತ್ತದೆ. ಕಡ್ಡಿಗಳು ಮುರಿಯುವುದು ಬಹುಮಟ್ಟಿಗೆ ಒಂದು ದೊಡ್ಡ ಪೆಟ್ಟಿನಿಂದಲ್ಲ, ಲೋಹವು ಈ ಎಡೆಬಿಡದ ಏರಿಳಿತದಿಂದ ದಣಿದು ಮುರಿಯುತ್ತದೆ. ಸಾಕಷ್ಟು ಎಳೆತವಿಲ್ಲದ ಕಡ್ಡಿಯಾದರೆ ಪ್ರತಿ ಸುತ್ತಿನಲ್ಲೂ ಪೂರ್ತಿ ಸಡಿಲಾಗಿ ಅದರ ಬಾಗು ಹಬ್‌ನ ತೂತಿನೊಳಗೆ ಅಲುಗಾಡುತ್ತದೆ, ನಿಪ್ಪಲ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅದು ಹೊರಬೇಕಾದ ಪಾಲನ್ನು ಅಕ್ಕಪಕ್ಕದ ಕಡ್ಡಿಗಳು ಹೊರಬೇಕಾಗುತ್ತದೆ. ನನ್ನ ಮೊದಲ ಗಾಲಿಯಲ್ಲಿ ಆದದ್ದು ಇದೇ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಹಬ್‌ನಿಂದ ನೇರವಾಗಿ ರಿಮ್ಮಿಗೆ ಹೋಗುವ ಕಡ್ಡಿಗಳು ಭಾರ ಹೊರಬಲ್ಲವು, ಆದರೆ ತಿರುಚನ್ನು ರಿಮ್ಮಿಗೆ ದಾಟಿಸಲಾರವು. 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಓರೆಯಾಗಿ, ಅರ್ಧದಷ್ಟನ್ನು ಒಂದು ದಿಕ್ಕಿಗೂ ಉಳಿದರ್ಧವನ್ನು ಎದುರು ದಿಕ್ಕಿಗೂ ಎಳೆದು ಕಟ್ಟುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ಈ ಕಾರಣಕ್ಕಾಗಿಯೇ. ಎರಡೂ ದಿಕ್ಕಿನ ತಿರುಚು ಸಮಾನವಾಗಿ ಬರುವ ಯುನಿಸೈಕಲ್ಲಿಗೆ ಈ ಓರೆ ಕಟ್ಟು ಅನಿವಾರ್ಯ. ನೋಡಲು ಚಂದವೆಂದು ನೇರ ಕಡ್ಡಿಗಳನ್ನು ಹಾಕುವ ಆಸೆಯನ್ನು ಬಿಟ್ಟುಬಿಡಬೇಕು.

ಸಾಮಾನು

ಎಲ್ಲಕ್ಕಿಂತ ಮೊದಲು ತೂತುಗಳನ್ನು ಎಣಿಸಿರಿ. ಇಂದು ಸಿಗುವ ಯುನಿಸೈಕಲ್ ಹಬ್‌ಗಳಲ್ಲಿ ಹೆಚ್ಚಿನವು 36 ತೂತಿನವು. ನಮ್ಮ ಹಳೆಯ ಕಪ್ಪು ಸೈಕಲ್ಲುಗಳ 28 ಇಂಚಿನ ರಿಮ್ಮುಗಳಲ್ಲಿ ಮುಂದಿನದಕ್ಕೆ 32, ಹಿಂದಿನದಕ್ಕೆ 40 ತೂತುಗಳಿರುತ್ತವೆ. ಮನೆಯ ಅಟ್ಟದ ಮೇಲಿರುವ ರಿಮ್ಮನ್ನು ಇಳಿಸಿ ಬಳಸೋಣವೆಂದರೆ ಅದು 36 ತೂತಿನ ಹಬ್‌ಗೆ ಹೊಂದುವುದಿಲ್ಲ. ಅಳತೆಯನ್ನೂ ಇಂಚಿನ ಲೆಕ್ಕದಲ್ಲಿ ನಂಬಬಾರದು. 20 ಇಂಚು ಎಂದು ಬರೆದ ರಿಮ್ಮುಗಳಲ್ಲಿ ಟೈರು ಕೂರುವ ಅಂಚಿನ ವ್ಯಾಸ 406 ಮಿ.ಮೀ. ಇರುವುದೂ ಉಂಟು, 451 ಮಿ.ಮೀ. ಇರುವುದೂ ಉಂಟು, ಯುನಿಸೈಕಲ್ಲಿಗೆ ರೂಢಿಯಲ್ಲಿರುವುದು 406. ಹಾಗೆಯೇ 24 ಇಂಚಿಗೆ 507, 26 ಇಂಚಿಗೆ 559, 29 ಇಂಚಿಗೆ 622 ಎಂಬ ಅಂಕಿಗಳನ್ನು ಟೈರಿನ ಮೇಲೂ ರಿಮ್ಮಿನ ಮೇಲೂ ಓದಿ ತಾಳೆ ನೋಡಬೇಕು.

ರಿಮ್ಮು ಅಲ್ಯೂಮಿನಿಯಮ್ಮಿನದಾಗಿ, ಎರಡು ಗೋಡೆಗಳಿರುವ ಪೆಟ್ಟಿಗೆಯಾಕಾರದ್ದಾಗಿರಲಿ. ಒಂದೇ ಪದರದ ರಿಮ್ಮು ಜಿಗಿತದ ಪೆಟ್ಟಿಗೆ ಬೇಗ ತಗ್ಗು ಬೀಳುತ್ತದೆ. ಹಬ್‌ನಲ್ಲಿ ಎರಡು ಬಗೆ: ನಾಲ್ಕು ಮೂಲೆಯ ಓರೆ ತುದಿಯ ಎಕ್ಸೆಲ್ ಇರುವುದು, ಮತ್ತು ಹತ್ತು ಹಲ್ಲುಗಳ ‘ಐಸಿಸ್’ ಎಂಬ ಜೋಡಣೆಯದು. ಕಲಿಯುವವರಿಗೆ, ರಸ್ತೆಯ ಮೇಲೆ ಓಡಿಸುವವರಿಗೆ ಮೊದಲನೆಯದು ಸಾಕು. ಜಿಗಿಯುವವರು, ಗುಡ್ಡದಲ್ಲಿ ಓಡಿಸುವವರು ಎರಡನೆಯದನ್ನೇ ಕೊಳ್ಳಬೇಕು, ಏಕೆಂದರೆ ಹಿಂದೆಮುಂದೆ ತಿರುಚಿನಲ್ಲಿ ನಾಲ್ಕು ಮೂಲೆಯ ಕ್ರ್ಯಾಂಕು ಸಡಿಲಾದರೆ ಅದರ ತೂತೇ ದುಂಡಗಾಗಿಬಿಡುತ್ತದೆ. ಇವು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುವ ವಸ್ತುಗಳಲ್ಲ, ಹೊರಗಿನಿಂದ ತರಿಸಬೇಕಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಎಕ್ಸೆಲ್ಲಿಗೆ ತಟ್ಟೆಗಳನ್ನು ಬೆಸೆದು ಹಬ್ ಮಾಡಿಸಬಹುದೆಂದು ಸಲಹೆ ಕೊಡುವವರಿದ್ದಾರೆ. ಬೆಸೆಯುವಾಗಿನ ಕಾವಿಗೆ ತಟ್ಟೆಗಳು ಕೂದಲೆಳೆಯಷ್ಟು ವಾಲಿದರೂ ಎಷ್ಟು ಜಾಣತನದಿಂದ ಕಟ್ಟಿದ ಗಾಲಿಯೂ ಸಮವಾಗುವುದಿಲ್ಲವಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಕಡ್ಡಿಯ ವಿಷಯದಲ್ಲಿ ಬಹಳ ಜನರ ಎಣಿಕೆ ತಲೆಕೆಳಗಾಗಿರುತ್ತದೆ. ದಪ್ಪ ಕಡ್ಡಿಯೇ ಗಟ್ಟಿ ಎಂದುಕೊಂಡು 13 ಗೇಜಿನದನ್ನು, ಅಂದರೆ 2.3 ಮಿ.ಮೀ. ಕಡ್ಡಿಯನ್ನು ಹುಡುಕುತ್ತಾರೆ. ಎರಡು ತುದಿಗಳಲ್ಲಿ 2 ಮಿ.ಮೀ. ಇದ್ದು ನಡುವೆ 1.8 ಮಿ.ಮೀ.ಗೆ ಸಣ್ಣಗಾಗುವ ಕಡ್ಡಿ ಬಾಳಿಕೆಯಲ್ಲಿ ಅದಕ್ಕಿಂತ ಮೇಲು. ನಡು ಸಣ್ಣಗಿರುವುದರಿಂದ ಅದೇ ಎಳೆತಕ್ಕೆ ಅದು ಇನ್ನಷ್ಟು ಹಿಗ್ಗಿರುತ್ತದೆ. ಹೆಚ್ಚು ಹಿಗ್ಗಿದ ಕಡ್ಡಿ, ರಿಮ್ಮು ನೆಲಕ್ಕೆ ಒತ್ತಿ ಒಳಸರಿದಾಗಲೂ ಪೂರ್ತಿ ಸಡಿಲಾಗುವುದಿಲ್ಲ. ಅದು ಸಿಗದಿದ್ದರೆ ಉದ್ದಕ್ಕೂ 2 ಮಿ.ಮೀ. ಇರುವ 14 ಗೇಜಿನ ಕಡ್ಡಿಯೂ ಆಗುತ್ತದೆ. ಎರಡರಲ್ಲಿ ಯಾವುದಾದರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ. ಧಾರವಾಡದ ಜಿಟಿಜಿಟಿ ಮಳೆಗೆ ಮತ್ತು ಎರಿ ಮಣ್ಣು ಮೆತ್ತಿಕೊಂಡು ಒಣಗಿದ ಮೇಲೆ ಉಳಿಯುವ ಪಸೆಗೆ ಬೇರೆ ಕಡ್ಡಿಗಳು ನಿಪ್ಪಲ್ಲಿನೊಳಗೇ ತುಕ್ಕು ಹಿಡಿದು ತಿರುಗದಂತಾಗುತ್ತವೆ. ನಿಪ್ಪಲ್ಲುಗಳು ಹಿತ್ತಾಳೆಯವು ಇರಬೇಕು. ಪಾನಾ ನಿಪ್ಪಲ್ಲಿನ ಅಳತೆಗೆ ಸರಿಯಾಗಿ ಕಚ್ಚಬೇಕು, ಸ್ವಲ್ಪ ಸಡಿಲಾದರೂ ಬಿಗಿ ಏರಿದ ಮೇಲೆ ಮೂಲೆಗಳನ್ನು ಸವೆಸಿಬಿಡುತ್ತದೆ.

ಕಡ್ಡಿಯ ಉದ್ದ

ಇದನ್ನು ಅಂದಾಜಿಗೆ ಬಿಡಬಾರದು. ನಿಪ್ಪಲ್ಲಿನ ಮರೆ, ಅಂದರೆ ತಿರುಪಿನ ಗೆರೆ, ಇಂಚಿಗೆ 56 ಸುತ್ತಿನದು, ಅಂದರೆ ಒಂದು ಸುತ್ತಿಗೆ ಅದು ಸರಿಯುವುದು 0.45 ಮಿ.ಮೀ. ಮಾತ್ರ, ಮೂರು ಮಿ.ಮೀ. ತಪ್ಪಿದರೂ ಕಡ್ಡಿ ಒಂದೋ ಮರೆ ಮುಗಿದು ನಿಲ್ಲುತ್ತದೆ, ಇಲ್ಲವೇ ನಿಪ್ಪಲ್ಲಿನ ಅರ್ಧವನ್ನಷ್ಟೇ ಹಿಡಿಯುತ್ತದೆ.

ಮೊದಲು ರಿಮ್ಮಿನ ಒಳವ್ಯಾಸವನ್ನು ನೀವೇ ಅಳೆಯಿರಿ. ಎರಡು ಹಳೆಯ ಕಡ್ಡಿಗಳನ್ನು ಮರೆಯ ತುದಿಯಿಂದ ಸರಿಯಾಗಿ 180 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಕಡ್ಡಿಯ ತುದಿಯು ನಿಪ್ಪಲ್ಲಿನ ತಲೆಯಲ್ಲಿರುವ ಗೀರಿನ ತಳಕ್ಕೆ ಸಮನಾಗುವಂತೆ ನಿಪ್ಪಲ್ ಹಾಕಿ, ರಿಮ್ಮಿನ ಎದುರುಬದುರು ತೂತುಗಳಲ್ಲಿ ಕೂರಿಸಿ, ಎರಡನ್ನೂ ನೇರವಾಗಿ ಎಳೆದು ಹಿಡಿದು ನಡುವಿನ ಅಂತರವನ್ನು ಅಳೆಯಬೇಕು. ಅಂತರ 30 ಬಂದರೆ ವ್ಯಾಸ 180, 180, 30 ಸೇರಿ 390 ಮಿ.ಮೀ. ಇದಕ್ಕೆ ಅಡ್ಡಲಾಗಿ ಇನ್ನೊಂದು ಕಡೆಯೂ ಅಳೆದು ಸರಾಸರಿ ತೆಗೆದುಕೊಳ್ಳಿ. ಬಳಿಕ ಹಬ್‌ನ ಫ್ಲ್ಯಾಂಜ್, ಅಂದರೆ ಕಡ್ಡಿ ಸಿಕ್ಕಿಸುವ ತಟ್ಟೆಯಲ್ಲಿ, ಎದುರುಬದುರು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಇರುವ ದೂರವನ್ನೂ, ಎರಡು ಫ್ಲ್ಯಾಂಜ್‌ಗಳ ನಡುವಣ ದೂರವನ್ನೂ ಅಳೆಯಿರಿ. ಯುನಿಸೈಕಲ್ ಹಬ್ ಎರಡೂ ಕಡೆ ಒಂದೇ ರೀತಿ ಇರುವುದರಿಂದ ಎಡಬಲದ ಕಡ್ಡಿಗಳ ಉದ್ದವೂ ಎಳೆತವೂ ಒಂದೇ. ಒಂದು ಕಡೆ ಗೇರು ಹಲ್ಲುಗಳಿಗೆ ಜಾಗ ಬಿಡಬೇಕಾದ ಸೈಕಲ್ಲಿನ ಹಿಂದಿನ ಗಾಲಿಗೆ ಈ ಭಾಗ್ಯವಿಲ್ಲ.

ಪ್ರತಿ ಕಡ್ಡಿ ಮೂರು ಕಡ್ಡಿಗಳನ್ನು ದಾಟುವ ಕಟ್ಟನ್ನು 36 ಕಡ್ಡಿಗಳಿಗೆ ಹಿಡಿದರೆ ಲೆಕ್ಕ ಸುಲಭ, ಏಕೆಂದರೆ ನಡುವಿನ ಕೋನ 60 ಡಿಗ್ರಿ ಬರುತ್ತದೆ. ರಿಮ್ಮಿನ ತ್ರಿಜ್ಯದ ವರ್ಗ, ಫ್ಲ್ಯಾಂಜ್ ತ್ರಿಜ್ಯದ ವರ್ಗ, ಹಬ್‌ನ ನಡುವಿನಿಂದ ಫ್ಲ್ಯಾಂಜ್‌ಗಿರುವ ದೂರದ ವರ್ಗ, ಈ ಮೂರನ್ನು ಕೂಡಿಸಿ, ಎರಡು ತ್ರಿಜ್ಯಗಳ ಗುಣಲಬ್ಧವನ್ನು ಅದರಿಂದ ಕಳೆದು, ವರ್ಗಮೂಲ ತೆಗೆದು, ಕೊನೆಗೆ ಫ್ಲ್ಯಾಂಜ್ ತೂತಿನ ವ್ಯಾಸದ ಅರ್ಧವನ್ನು ಕಳೆಯಬೇಕು. ಮೇಲಿನ ರಿಮ್ಮಿನ ತ್ರಿಜ್ಯ 195. ಫ್ಲ್ಯಾಂಜ್ ತ್ರಿಜ್ಯ 29, ನಡುವಿನ ದೂರ 30, ತೂತು 2.6 ಮಿ.ಮೀ. ಎಂದಿಟ್ಟುಕೊಳ್ಳೋಣ. 38025, 841, 900 ಕೂಡಿದರೆ 39766, ಅದರಿಂದ 195ನ್ನು 29ರಿಂದ ಗುಣಿಸಿದ 5655 ಕಳೆದರೆ 34111, ವರ್ಗಮೂಲ 184.7, ಅದರಲ್ಲಿ 1.3 ಕಳೆದರೆ 183.4. ಆದ್ದರಿಂದ 183 ಮಿ.ಮೀ. ಕಡ್ಡಿ ಬೇಕು. ಅದೇ ಅಳತೆಯ ನಾಲ್ಕು ಕಡ್ಡಿಗಳನ್ನು ಹೆಚ್ಚಿಗೆ ತರಿಸಿಡಿ, ಮುಂದೊಂದು ದಿನ ಮುರಿದಾಗ ಅದೇ ಉದ್ದದ್ದು ಸಿಗುವುದು ಕಷ್ಟ.

ಕಡ್ಡಿ ಹೆಣೆಯುವುದು

ಕಟ್ಟುವ ಮುನ್ನ ಕಡ್ಡಿಗಳ ಮರೆಯನ್ನು ಅಗಸಿ ಎಣ್ಣೆಯಲ್ಲಿ ಅದ್ದಿ ತೆಗೆಯಿರಿ. ನಮ್ಮಲ್ಲಿ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಇಲ್ಲಿ ಬೇಕಾದದ್ದು ಬಣ್ಣದ ಅಂಗಡಿಯಲ್ಲಿ ಮರಗೆಲಸಕ್ಕೆಂದು ಮಾರುವ ಕುದಿಸಿದ ಅಗಸಿ ಎಣ್ಣೆ. ಹಸಿಯಿರುವಾಗ ಅದು ನಿಪ್ಪಲ್ ಜಾರುವಂತೆ ಮಾಡುತ್ತದೆ, ಒಣಗಿದ ಮೇಲೆ ಮೇಣದಂತೆ ಹಿಡಿದುಕೊಂಡು ಅಲುಗಾಟಕ್ಕೆ ನಿಪ್ಪಲ್ ಬಿಚ್ಚದಂತೆ ಕಾಯುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು; ಹರವಿ ಬಯಲಿನಲ್ಲಿ ಒಣಗಿಸಬೇಕು. ರಿಮ್ಮಿನ ತೂತುಗಳಲ್ಲಿ ನಿಪ್ಪಲ್ ಕೂರುವ ಜಾಗಕ್ಕೂ ಒಂದೊಂದು ಹನಿ ಮಷಿನ್ ಎಣ್ಣೆ ಬಿಡಿ.

ರಿಮ್ಮನ್ನು ತೊಡೆಯ ಮೇಲಿಟ್ಟು ವಾಲ್ವ್ ತೂತನ್ನು ನೋಡಿರಿ. ರಿಮ್ಮಿನ ತೂತುಗಳು ಒಂದು ನಿಮ್ಮ ಕಡೆಗೆ, ಒಂದು ಆಚೆಗೆ ಎಂಬಂತೆ ಸರದಿಯಲ್ಲಿ ವಾಲಿರುತ್ತವೆ. ಆದ್ದರಿಂದ ವಾಲ್ವಿನ ಎಡಬಲದ ಎರಡು ತೂತುಗಳಲ್ಲಿ ಒಂದು ಮಾತ್ರ ನಿಮ್ಮ ಕಡೆಗಿರುತ್ತದೆ. ಮೊದಲ ಕಡ್ಡಿ ಅದಕ್ಕೇ. ನಿಮ್ಮ ಕಡೆಯ ಫ್ಲ್ಯಾಂಜ್‌ನಲ್ಲಿ ಒಂದು ಬಿಟ್ಟು ಒಂದು ತೂತಿಗೆ, ಹೊರಗಿನಿಂದ ಒಳಕ್ಕೆ, ತಲೆ ಹೊರಗೆ ಉಳಿಯುವಂತೆ ಒಂಬತ್ತು ಕಡ್ಡಿಗಳನ್ನು ಹಾಕಿ. ಅವುಗಳಲ್ಲಿ ಒಂದನ್ನು ಆ ಮೊದಲ ತೂತಿಗೆ ಸಿಕ್ಕಿಸಿ ನಿಪ್ಪಲ್ಲನ್ನು ಎರಡು ಮೂರು ಸುತ್ತು ತಿರುಗಿಸಿ, ಉಳಿದವನ್ನು ರಿಮ್ಮಿನಲ್ಲಿ ಮೂರು ಮೂರು ತೂತು ಬಿಟ್ಟು ನಾಲ್ಕನೆಯದಕ್ಕೆ ಸಿಕ್ಕಿಸುತ್ತ ಸುತ್ತು ಮುಗಿಸಿ. ಇನ್ನು ಆಚೆಯ ಫ್ಲ್ಯಾಂಜ್. ಎರಡು ಫ್ಲ್ಯಾಂಜ್‌ಗಳ ತೂತುಗಳು ಎದುರುಬದುರು ಇರುವುದಿಲ್ಲ, ಅರ್ಧ ತೂತಿನಷ್ಟು ಸರಿದಿರುತ್ತವೆ. ಮೊದಲ ಕಡ್ಡಿಯ ತೂತಿನ ನೇರಕ್ಕೆ ಇನ್ನೊಂದು ಕಡ್ಡಿಯನ್ನು ಎಕ್ಸೆಲ್ಲಿಗೆ ಸಮಾನಾಂತರವಾಗಿ ಹಿಡಿದರೆ ಅದು ಆಚೆಯ ಎರಡು ತೂತುಗಳ ನಡುವೆ ತಾಗುತ್ತದೆ. ಆ ಎರಡರಲ್ಲಿ ವಾಲ್ವಿನಿಂದ ದೂರದ ಕಡೆಗಿರುವ ತೂತನ್ನು ಆರಿಸಿ, ಅದರ ಕಡ್ಡಿಯನ್ನು ರಿಮ್ಮಿನಲ್ಲಿ ಮೊದಲ ಕಡ್ಡಿಯ ಪಕ್ಕದ, ವಾಲ್ವಿನಿಂದ ಆಚೆಗಿನ ತೂತಿಗೆ ಹಾಕಬೇಕು. ಇಲ್ಲಿಯೂ ತಲೆ ಹೊರಗೆ, ಇಲ್ಲಿಯೂ ನಾಲ್ಕನೆಯ ತೂತು. ಎರಡು ಸುತ್ತು ಮುಗಿದಾಗ ರಿಮ್ಮಿನಲ್ಲಿ ಎರಡು ತುಂಬಿದ ತೂತು, ಎರಡು ಖಾಲಿ ತೂತು ಎಂಬ ಸಾಲು ಕಾಣಿಸಬೇಕು. ಕಾಣದಿದ್ದರೆ ಮುಂದುವರಿಯಬೇಡಿ, ಬಿಚ್ಚಿ ನೋಡಿ.

ಈಗ ಹಬ್ ಅನ್ನು ಹಿಡಿದು, ವಾಲ್ವಿನ ಪಕ್ಕದ ಕಡ್ಡಿ ವಾಲ್ವಿನಿಂದ ದೂರಕ್ಕೆ ವಾಲುವ ದಿಕ್ಕಿನಲ್ಲಿ, ಹೋಗುವಷ್ಟು ತಿರುಗಿಸಿ. ತಪ್ಪು ದಿಕ್ಕಿಗೆ ತಿರುಗಿಸಿದರೆ ಕಡ್ಡಿಗಳು ವಾಲ್ವಿಗೆ ಅಡ್ಡ ಬಂದು, ಪಂಪಿನ ಬಾಯಿ ಹೋಗದ ಗಾಲಿಯಾಗುತ್ತದೆ. ಉಳಿದ ಹದಿನೆಂಟು ಕಡ್ಡಿಗಳನ್ನು ಒಳಗಿನಿಂದ ಹೊರಕ್ಕೆ, ತಲೆ ಒಳಗೆ ಉಳಿಯುವಂತೆ ಹಾಕಿ, ಎದುರು ದಿಕ್ಕಿಗೆ ಒಯ್ಯಬೇಕು. ಪ್ರತಿ ಕಡ್ಡಿ ತನ್ನ ಕಡೆಯ ಮೂರು ಕಡ್ಡಿಗಳನ್ನು ದಾಟುತ್ತದೆ: ಹಬ್‌ನ ಹತ್ತಿರದ ಮೊದಲ ಎರಡನ್ನು ಹೊರಗಿನಿಂದ, ಮೂರನೆಯದನ್ನು ಒಳಗಿನಿಂದ. ಮೂರನೆಯದರ ಒಳಗೆ ತೂರಿಸುವಾಗ ಕಡ್ಡಿಯನ್ನು ಸ್ವಲ್ಪ ಬಾಗಿಸಬೇಕಾಗುತ್ತದೆ, ಹೆದರಬೇಕಿಲ್ಲ. ಈ ಹೆಣಿಗೆಯನ್ನು ಬಿಟ್ಟು ಮೂರನ್ನೂ ಹೊರಗಿನಿಂದ ದಾಟಿಸಿದರೆ ಒಂದು ಕಡ್ಡಿ ಸಡಿಲಾಗುವ ಹೊತ್ತಿಗೆ ಇನ್ನೊಂದು ಅದನ್ನು ತಾಂಗಿ ಹಿಡಿಯುವ ಅನುಕೂಲ ಇಲ್ಲದಾಗುತ್ತದೆ.

ಬಿಗಿ ಮತ್ತು ಸಮ

ಗಾಲಿ ನಿಲ್ಲಿಸುವ ಸ್ಟ್ಯಾಂಡ್ ಬೇರೆ ಬೇಕಿಲ್ಲ. ಯುನಿಸೈಕಲ್ಲಿನ ಫ್ರೇಮನ್ನೇ ತಲೆಕೆಳಗಾಗಿ ವೈಸಿನಲ್ಲಿ ಹಿಡಿಸಿ, ಬೇರಿಂಗುಗಳನ್ನು ಅದರ ಹಿಡಿಕೆಗಳಲ್ಲಿ ಕೂರಿಸಿದರಾಯಿತು. ಫ್ರೇಮಿನ ಎರಡೂ ಕಾಲುಗಳಿಗೆ ಒಂದೊಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಅದರ ಬಾಲವನ್ನು ರಿಮ್ಮಿಗೆ ಕೂದಲೆಳೆ ಅಂತರದಲ್ಲಿ ಕತ್ತರಿಸಿದರೆ ಅದೇ ಅಳತೆ ತೋರುವ ಮುಳ್ಳು.

ಎಲ್ಲ ನಿಪ್ಪಲ್ಲುಗಳನ್ನೂ ಕಡ್ಡಿಯ ಮರೆ ಆಗತಾನೇ ಮುಚ್ಚಿಹೋಗುವ ಹಂತಕ್ಕೆ ತನ್ನಿ. ಎಲ್ಲವೂ ಒಂದೇ ಗುರುತಿನಿಂದ ಹೊರಡುವುದು ಬಹಳ ಮುಖ್ಯ. ಅಲ್ಲಿಂದ ವಾಲ್ವಿನಿಂದ ಆರಂಭಿಸಿ ವಾಲ್ವಿಗೆ ಬರುವವರೆಗೆ ಪ್ರತಿಯೊಂದಕ್ಕೂ ಒಂದು ಸುತ್ತು, ಮರುಸರದಿಯಲ್ಲಿ ಮತ್ತೊಂದು, ಕಡ್ಡಿಗಳು ಎಳೆತ ಹಿಡಿಯತೊಡಗಿದ ಮೇಲೆ ಅರ್ಧ ಸುತ್ತು, ಕೊನೆಗೆ ಕಾಲು ಸುತ್ತು. ಈ ನಡುವೆ ಹೊಸ ಕಡ್ಡಿಗಳ ಬಾಗನ್ನು ಫ್ಲ್ಯಾಂಜ್‌ಗೆ ಒರಗುವಂತೆ ಹೆಬ್ಬೆರಳಿನಿಂದ ಒತ್ತಬೇಕು. ತಲೆ ಒಳಗಿರುವ ಕಡ್ಡಿಗಳು ಹೊರಗೆ ಕಮಾನಿನಂತೆ ಉಬ್ಬಿರುತ್ತವೆ, ಅವನ್ನು ವಿಶೇಷವಾಗಿ ಒತ್ತಬೇಕು.

ರಿಮ್ಮಿನ ಏರುತಗ್ಗನ್ನು ಎಳೆತ ಕಡಿಮೆ ಇರುವಾಗಲೇ ತೆಗೆಯಬೇಕು, ಬಿಗಿಯಾದ ಮೇಲೆ ಅದು ಮಾತು ಕೇಳುವುದಿಲ್ಲ. ಉಬ್ಬಿದ ಜಾಗದಲ್ಲಿ ಎಡಬಲದ ಕಡ್ಡಿಗಳ ಜೋಡಿಯನ್ನು ಬಿಗಿ ಮಾಡಿ, ತಗ್ಗಿದ ಜಾಗದಲ್ಲಿ ಜೋಡಿಯನ್ನು ಸಡಿಲಿಸಿ. ಪಕ್ಕದ ಔಟ್ ತೆಗೆಯುವುದು ಅನಂತರ: ರಿಮ್ಮು ಬಲಕ್ಕೆ ಸರಿದಿದ್ದರೆ ಆ ಜಾಗದ ಎಡ ಕಡ್ಡಿಗಳನ್ನು ಬಿಗಿ ಮಾಡಿ, ಬಲ ಕಡ್ಡಿಗಳನ್ನು ಅಷ್ಟೇ ಸಡಿಲಿಸಿ. ಬಿಗಿ ಮಾಡುವುದೊಂದನ್ನೇ ಮಾಡುತ್ತ ಹೋದರೆ ಕಣ್ಣಿಗೆ ನೇರವಾದ, ಒಳಗೆ ಅಸಮವಾದ ಗಾಲಿ ಸಿದ್ಧವಾಗುತ್ತದೆ. ನಡುನಡುವೆ ಗಾಲಿಯನ್ನು ತೆಗೆದು ಎಡಬಲ ಅದಲುಬದಲು ಮಾಡಿ ಕೂರಿಸಿ ನೋಡಬೇಕು. ತಿರುಗಿಸಿ ಕೂರಿಸಿದಾಗಲೂ ಎರಡೂ ಮುಳ್ಳುಗಳ ಅಂತರ ಬದಲಾಗದಿದ್ದರೆ ರಿಮ್ಮು ಹಬ್‌ನ ನಟ್ಟನಡುವೆ ಇದೆ. ಫ್ರೇಮೇ ಸೊಟ್ಟಗಿದ್ದರೂ ಈ ಪರೀಕ್ಷೆ ಮೋಸಮಾಡುವುದಿಲ್ಲ. ಪಕ್ಕಕ್ಕಾಗಲಿ ಮೇಲೆಕೆಳಗಾಗಲಿ ಅರ್ಧ ಮಿ.ಮೀ. ಒಳಗಿನ ವ್ಯತ್ಯಾಸ ಉಳಿದರೆ ಚಿಂತೆಯಿಲ್ಲ. ಅದನ್ನೂ ಅಳಿಸಲು ಹೋಗಿ ಎಳೆತದ ಸಮತೆಯನ್ನು ಕೆಡಿಸಿಕೊಳ್ಳುವುದಕ್ಕಿಂತ ಬಿಟ್ಟುಬಿಡುವುದೇ ಲೇಸು.

ಬಿಗಿ ಏರಿದಂತೆ ನಿಪ್ಪಲ್ಲಿನ ಜೊತೆ ಕಡ್ಡಿಯೂ ಹುರಿಯಂತೆ ಸುತ್ತಿಕೊಳ್ಳುತ್ತದೆ. ಕಡ್ಡಿಗೆ ಕಾಗದದ ಅಂಟುಪಟ್ಟಿಯನ್ನು ಬಾವುಟದಂತೆ ಅಂಟಿಸಿದರೆ ಇದು ಕಣ್ಣಿಗೆ ಕಾಣುತ್ತದೆ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ತಿರುಗಿಸಿ, ಬಾವುಟ ಮೊದಲಿನ ನೇರಕ್ಕೆ ಬರುವಷ್ಟು ಹಿಂದಕ್ಕೆ ತಿರುಗಿಸಬೇಕು. ಹೊಸ ಗಾಲಿಯ ಮೊದಲ ಸವಾರಿಯಲ್ಲಿ ಕೇಳಿಸುವ ‘ಟಿಕ್ ಟಿಕ್’ ಸದ್ದು ಈ ಹುರಿ ಬಿಚ್ಚಿಕೊಳ್ಳುವ ಸದ್ದು, ಅದರೊಂದಿಗೆ ಗಾಲಿಯ ನೇರವೂ ಹೋಗುತ್ತದೆ.

ಎಳೆತ ಎಷ್ಟಿರಬೇಕು? ರಿಮ್ ತಯಾರಿಸಿದವರು ಮಿತಿ ಹೇಳಿದ್ದರೆ ಅದೇ ಪ್ರಮಾಣ. ಹೇಳದಿದ್ದಲ್ಲಿ, ಎರಡು ಗೋಡೆಯ ಗಟ್ಟಿ ರಿಮ್ಮಿಗೆ ಪ್ರತಿ ಕಡ್ಡಿಗೂ 110ರಿಂದ 120 ಕಿಲೋಗ್ರಾಂ ತೂಕ ತೂಗಹಾಕಿದಷ್ಟು ಎಳೆತವನ್ನು ಗುರಿಯಾಗಿಟ್ಟುಕೊಳ್ಳಬಹುದು. ಇದನ್ನು ಅಳೆಯುವ ಮೀಟರ್ ಸಿಗುತ್ತದೆ, ಇಬ್ಬರು ಮೂವರು ಸೇರಿ ಒಂದನ್ನು ಕೊಂಡರೆ ಒಳ್ಳೆಯದು. ಆದರೆ ಸಮತೆಯನ್ನು ಅಳೆಯಲು ಮೀಟರಿಗಿಂತ ಕಿವಿ ಚುರುಕು, ಮಲ್ಲಿಕಾರ್ಜುನ ಮನಸೂರ ಮತ್ತು ಗಂಗೂಬಾಯಿ ಹಾನಗಲ್ ಹಾಡಿದ ಊರುಗಳಲ್ಲಿ ಸ್ವರ ಹಿಡಿಯುವ ಕಿವಿಗೆ ಬರವಿಲ್ಲ. ಕೊನೆಯ ದಾಟಿಗೂ ನಿಪ್ಪಲ್ಲಿಗೂ ನಡುವೆ ಕಡ್ಡಿಯನ್ನು ಉಗುರಿನಿಂದ ಮೀಟಿ, ತಂಬೂರಿಯ ಜೋಡು ತಂತಿಗಳನ್ನು ಕೂಡಿಸುವಂತೆ ಒಂದನ್ನೊಂದಕ್ಕೆ ಹೋಲಿಸಿರಿ. ತಂತಿಯ ನಾದ ಎಳೆತದ ವರ್ಗಮೂಲದಂತೆ ಏರುತ್ತದೆ. ಎರಡು ಕಡ್ಡಿಗಳ ನಡುವೆ ಷಡ್ಜಕ್ಕೂ ಕೋಮಲ ರಿಷಭಕ್ಕೂ ಇರುವಷ್ಟು ಅಂತರ ಕೇಳಿಸಿದರೆ ಎಳೆತದಲ್ಲಿ ಸುಮಾರು ನೂರಕ್ಕೆ 12ರಷ್ಟು ವ್ಯತ್ಯಾಸವಿದೆ ಎಂದರ್ಥ, ಶುದ್ಧ ರಿಷಭದಷ್ಟು ಅಂತರವಿದ್ದರೆ ಅದು ನೂರಕ್ಕೆ 26ರ ಆಸುಪಾಸು. ಎಲ್ಲ ಕಡ್ಡಿಗಳೂ ಕೋಮಲ ರಿಷಭದ ಅರ್ಧ ಅಂತರದೊಳಗೆ ಬಂದರೆ ಗಾಲಿ ಚೆನ್ನಾಗಿ ಕಟ್ಟಲ್ಪಟ್ಟಿದೆ. ಕಡ್ಡಿಯ ದಪ್ಪ, ಉದ್ದ ಬದಲಾದರೆ ಸ್ವರವೂ ಬದಲಾಗುವುದರಿಂದ ಒಂದು ಗಾಲಿಯ ಸ್ವರವನ್ನು ಇನ್ನೊಂದಕ್ಕೆ ಹೋಲಿಸಬಾರದು. ಹೇಗೂ ಸಮವಾಗದ ಒಂದು ಜಾಗ ಉಳಿದರೆ ಅಲ್ಲಿ ರಿಮ್ಮೇ ಬಾಗಿದೆ ಎಂದು ತಿಳಿಯಬೇಕು.

ಬಹುತೇಕರು ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ಕೈಗವಸು ಹಾಕಿಕೊಂಡು, ಒಂದೇ ಕಡೆಯ ಹೆಚ್ಚುಕಡಿಮೆ ಸಮಾನಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮುಷ್ಟಿಯ ಪೂರ್ಣಬಲದಿಂದ ಹಿಂಡುತ್ತ ಗಾಲಿಯ ಸುತ್ತ ಬನ್ನಿ. ಕಾರ್ಖಾನೆಯಲ್ಲಿ ಬಾಗಿಸುವಾಗಲೂ ನೀವು ಕಟ್ಟುವಾಗಲೂ ಕಡ್ಡಿಯ ಬಾಗಿನೊಳಗೆ ಒತ್ತಡ ಉಳಿದುಕೊಂಡಿರುತ್ತದೆ. ಈ ಕ್ಷಣದ ಹೆಚ್ಚುವರಿ ಎಳೆತಕ್ಕೆ ಅತಿಯಾಗಿ ಒತ್ತಡಗೊಂಡ ಭಾಗ ತುಸು ಮಣಿದು ಹಗುರಾಗುತ್ತದೆ. ಕಡ್ಡಿಯ ಆಯುಷ್ಯವನ್ನು ಇದರಷ್ಟು ಹೆಚ್ಚಿಸುವ ಕೆಲಸ ಇನ್ನೊಂದಿಲ್ಲ. ಹಿಂಡಿದ ಮೇಲೆ ಗಾಲಿ ಸ್ವಲ್ಪ ಔಟ್ ಆದರೆ ಮತ್ತೆ ನೇರಗೊಳಿಸಿ, ಮತ್ತೆ ಹಿಂಡಿ; ಹಿಂಡಿದರೂ ನೇರ ಉಳಿಯುವವರೆಗೆ. ಹಿಂಡಿದಾಗ ಇಡೀ ರಿಮ್ಮು ಹಪ್ಪಳದಂತೆ ಎರಡು ಅಲೆಯಾಗಿ ಬಾಗಿದರೆ ರಿಮ್ಮು ತಾಳುವುದಕ್ಕಿಂತ ಎಳೆತ ಹೆಚ್ಚಾಗಿದೆ ಎಂದರ್ಥ. ಆಗ ಎಲ್ಲ ಕಡ್ಡಿಗಳನ್ನೂ ಅರ್ಧ ಸುತ್ತು ಸಡಿಲಿಸಿ ನೇರಗೊಳಿಸಬೇಕು.

ಕೂರಿಸುವುದು, ಕಾಯುವುದು

ಬೇರಿಂಗ್ ಹಿಡಿಕೆಗಳ ಬೋಲ್ಟುಗಳನ್ನು ಬೇರಿಂಗ್ ಅಲುಗದಷ್ಟು ಮಾತ್ರ ಬಿಗಿಯಬೇಕು. ಹೆಚ್ಚು ಬಿಗಿದರೆ ಬೇರಿಂಗ್ ಅಮುಕಿ ಗಾಲಿ ತಿರುಗುವುದೇ ಭಾರವಾಗುತ್ತದೆ. ಬಲ ಕ್ರ್ಯಾಂಕು ಸವಾರನ ಬಲಕ್ಕೇ ಬರಬೇಕು: ಎಡ ಪೆಡಲಿನ ಮರೆ ಎಡಸುತ್ತಿನದು, ಗಾಲಿಯನ್ನು ತಿರುವುಮುರುವಾಗಿ ಹಾಕಿದರೆ ತುಳಿಯುತ್ತ ತುಳಿಯುತ್ತ ಪೆಡಲುಗಳು ಬಿಚ್ಚಿಕೊಂಡು ಕ್ರ್ಯಾಂಕಿನ ಮರೆಯನ್ನು ಕಿತ್ತುಹಾಕುತ್ತವೆ. ನಾಲ್ಕು ಮೂಲೆಯ ಎಕ್ಸೆಲ್ಲಿನ ಕ್ರ್ಯಾಂಕ್ ಬೋಲ್ಟುಗಳನ್ನು ಮೊದಲ ಕೆಲವು ಸವಾರಿಗಳ ಬಳಿಕ ಮತ್ತೊಮ್ಮೆ ಬಿಗಿಯಬೇಕು.

ನಿಂತಲ್ಲೇ ಹಿಂದೆಮುಂದೆ ತೂಗುವುದನ್ನು, ಜಿಗಿಯುವುದನ್ನು ಅಭ್ಯಾಸ ಮಾಡುವವರ ಕ್ರ್ಯಾಂಕು ಯಾವಾಗಲೂ ಒಂದೇ ಸ್ಥಿತಿಯಲ್ಲಿರುವುದರಿಂದ ಟೈರಿನ ಒಂದೇ ಜಾಗ ಸವೆಯುತ್ತದೆ, ರಿಮ್ಮಿನ ಅದೇ ಜಾಗ ಪೆಟ್ಟು ತಿನ್ನುತ್ತದೆ. ಆಗಾಗ ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಕಾಲು ಸುತ್ತು ಸರಿಸಿ. ಅರ್ಧ ಸುತ್ತು ಸರಿಸಿದರೆ ಎರಡು ಕಾಲಿನಲ್ಲೂ ಅಭ್ಯಾಸ ಮಾಡುವವರಿಗೆ ಅದೇ ಸವೆದ ಜಾಗ ಮತ್ತೆ ಕೆಳಗೆ ಬರುತ್ತದೆ. ಗಾಳಿ ಕಡಿಮೆಯಿಟ್ಟು ಜಿಗಿಯಬಾರದು.

ತಿಂಗಳಿಗೊಮ್ಮೆ ಕಡ್ಡಿಗಳನ್ನು ಮೀಟಿ ಕೇಳಿರಿ. ಸ್ವರ ಇಳಿದ ಕಡ್ಡಿ ಸಿಕ್ಕರೆ ಅದನ್ನಷ್ಟೇ ಏರಿಸದೆ ಅಕ್ಕಪಕ್ಕದ ನಾಲ್ಕನ್ನೂ ನೋಡಿರಿ. ಒಂದು ಕಡ್ಡಿ ಮುರಿದರೆ ಕೂಡಲೇ ಇಳಿದು, ಆ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ, ತಳ್ಳಿಕೊಂಡು ಮನೆಗೆ ಬಂದು ಬದಲಿಸಬೇಕು. ಸ್ವಲ್ಪ ದಿನಗಳಲ್ಲಿ ಎರಡನೆಯದೂ ಬಾಗಿನಲ್ಲೇ ಮುರಿದರೆ ಉಳಿದವೂ ಅಷ್ಟೇ ದಣಿದಿವೆ ಎಂದು ತಿಳಿದು 36ನ್ನೂ ಹೊಸದಾಗಿ ಹಾಕಿರಿ. ಹಬ್ ಮತ್ತು ರಿಮ್ಮು ಸರಿಯಿದ್ದರೆ ಅವನ್ನೇ ಬಳಸಬಹುದು. ಆದರೆ ಹಳೆಯ ಕಡ್ಡಿಗಳು ಫ್ಲ್ಯಾಂಜ್ ಮೇಲೆ ಒತ್ತಿ ಮೂಡಿಸಿದ ಗುರುತುಗಳಿರುತ್ತವೆ, ಹೊಸ ಕಡ್ಡಿಗಳು ಆ ಗುರುತುಗಳಲ್ಲೇ, ಅದೇ ದಿಕ್ಕಿನಲ್ಲಿ ಕೂರುವಂತೆ ಕಟ್ಟಬೇಕು.